ಕೆನಡಾ ಪಿಆರ್: ಏಜೆಂಟ್‌ಗೆ ದುಡ್ಡು ಕಟ್ಟುವ ಮುಂಚೆ ನೀವೇ ಕೂತು ಲೆಕ್ಕ ಹಾಕಿ

ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿಗೆ, ಅಂದರೆ ಪಿಆರ್‌ಗೆ, ಬೇಕಾದ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಮೊದಲ ಸಲ ಬರೆದಾಗ ಲಿಸನಿಂಗ್‌ನಲ್ಲಿ 8 ಬೇಕಿತ್ತು, ನನಗೆ 7.5 ಬಂತು. ರೀಡಿಂಗ್, ರೈಟಿಂಗ್, ಸ್ಪೀಕಿಂಗ್ ಮೂರೂ 7. ಅರ್ಧ ಬ್ಯಾಂಡ್ ತಾನೇ ಕಮ್ಮಿ, ಏನಾಗುತ್ತೆ ಬಿಡು ಅಂದುಕೊಂಡು ಗೆಳೆಯರಿಗೆ ಕಾಫಿ ಕೊಡಿಸಿ ಮನೆಗೆ ಬಂದೆ. ರಾತ್ರಿ ಕೂತು ಲೆಕ್ಕ ಹಾಕಿದಾಗ ಗೊತ್ತಾಯ್ತು, ಪಿಆರ್‌ಗೆ ಜನರನ್ನು ಆರಿಸುವ ಪಾಯಿಂಟ್ ಲೆಕ್ಕದಲ್ಲಿ ಆ ಅರ್ಧ ಬ್ಯಾಂಡ್ ನನ್ನ 58 ಪಾಯಿಂಟ್ ತಿಂದುಹಾಕಿತ್ತು. ಆಗ ನನಗೆ 29 ವರ್ಷ. ಬೆಳಗಾಗುವಷ್ಟರಲ್ಲಿ 39 ಆಗಿಬಿಟ್ಟಿದ್ದರೂ ಹೋಗುತ್ತಿದ್ದದ್ದು 55 ಪಾಯಿಂಟ್ ಅಷ್ಟೇ.

ಅದಕ್ಕೂ ಒಂದು ತಿಂಗಳ ಹಿಂದೆ ಒಬ್ಬ ಏಜೆಂಟ್ ಹತ್ತಿರ ಹೋಗಿದ್ದೆ. "ಸರ್, ಎಂ.ಟೆಕ್, ನಾಲ್ಕು ವರ್ಷ ಅನುಭವ, ನಿಮ್ಮದು ಸೂಪರ್ ಪ್ರೊಫೈಲ್, ಇವತ್ತೇ ಅಡ್ವಾನ್ಸ್ ಕಟ್ಟಿ" ಅಂದಿದ್ದ. ಈ 58ರ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಲೆಕ್ಕ ಕಷ್ಟದ್ದೇನಲ್ಲ, ಕೂತು ಮಾಡಬೇಕು ಅಷ್ಟೇ.

ಪಾಸಾಗುವುದು ಬೇರೆ, ಸೀಟು ಸಿಗುವುದು ಬೇರೆ

ಕೆನಡಾ ಸರ್ಕಾರ 2015ರ ಜನವರಿಯಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಅನ್ನುವ ಆಯ್ಕೆ ವ್ಯವಸ್ಥೆ ಶುರು ಮಾಡಿತು. ಇದರೊಳಗೆ ಮೂರು ದಾರಿ ಇದೆ. ಹೊರದೇಶದಲ್ಲಿ ಕೆಲಸ ಮಾಡಿದವರಿಗೆ ಫೆಡರಲ್ ಸ್ಕಿಲ್ಡ್ ವರ್ಕರ್, ಕೆನಡಾದೊಳಗೇ ಒಂದು ವರ್ಷವಾದರೂ ಕೆಲಸ ಮಾಡಿದವರಿಗೆ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್, ಎಲೆಕ್ಟ್ರಿಷಿಯನ್, ವೆಲ್ಡರ್ ಥರದ ಕಸುಬಿನವರಿಗೆ ಸ್ಕಿಲ್ಡ್ ಟ್ರೇಡ್ಸ್. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಅರ್ಜಿ ಹಾಕುವವರಲ್ಲಿ ಹೆಚ್ಚಿನವರು ಬರುವುದು ಮೊದಲನೆಯದರಲ್ಲಿ. ಕ್ವಿಬೆಕ್ ಪ್ರಾಂತ್ಯದ್ದು ಪೂರ್ತಿ ಬೇರೆ ವ್ಯವಸ್ಥೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಎಲ್ಲರೂ ಗೊಂದಲ ಮಾಡಿಕೊಳ್ಳುವುದು ಎರಡು ಅಂಕಗಳ ನಡುವೆ. ಒಂದು, ಈ ಮೊದಲ ದಾರಿಗೆ ಬೇಕಾದ ನೂರಕ್ಕೆ 67. ಇದು ಪಿಯುಸಿ ಪಾಸಾದ ಹಾಗೆ. ಎರಡನೆಯದು ಸಿಆರ್‌ಎಸ್, 1200ಕ್ಕೆ. ಇದು ಸಿಇಟಿ ರ್ಯಾಂಕಿನ ಹಾಗೆ. ಆಗಾಗ ನಡೆಯುವ ಡ್ರಾ ಅಂದರೆ ಕೌನ್ಸೆಲಿಂಗ್ ರೌಂಡು, ಪ್ರತಿ ಸಲ ಒಂದು ಕಟಾಫ್ ಇರುತ್ತದೆ. "ನಿಮಗೆ 67ರ ಮೇಲೆ ಬರುತ್ತೆ, ಎಲಿಜಿಬಲ್ ಇದೀರ" ಅಂತ ಏಜೆಂಟ್ ಹೇಳಿದರೆ ಅದು ಸುಳ್ಳಲ್ಲ. ಆದರೆ ಪಿಯುಸಿ ಪಾಸಾದವರಿಗೆಲ್ಲ ಮೆಡಿಕಲ್ ಸೀಟು ಸಿಗುತ್ತಾ?

67ರ ಲೆಕ್ಕ ಹೀಗಿದೆ. ಭಾಷೆಗೆ 28, ಓದಿಗೆ 25, ಅನುಭವಕ್ಕೆ 15, ವಯಸ್ಸಿಗೆ 12, ಕೆನಡಾದ ಕೆಲಸದ ಆಫರ್‌ಗೆ 10, ಹೊಂದಿಕೊಳ್ಳುವ ಸಾಧ್ಯತೆಗೆ 10. ಬಿ.ಇ ಮಾಡಿ ನಾಲ್ಕು ವರ್ಷ ಕೆಲಸ ಮಾಡಿರುವ, ಒಳ್ಳೆಯ ಇಂಗ್ಲಿಷ್ ಇರುವ 29ರ ಹುಡುಗನಿಗೆ ಭಾಷೆಗೆ 24, ಡಿಗ್ರಿಗೆ 21, ಅನುಭವಕ್ಕೆ 13, ವಯಸ್ಸಿಗೆ 12, ಒಟ್ಟು 70. ಪಾಸು. ಇಲ್ಲಿಗೆ ಇದರ ಕೆಲಸ ಮುಗಿಯಿತು. ಮುಂದೆ ಈ ಅಂಕವನ್ನು ಯಾರೂ ಕೇಳುವುದಿಲ್ಲ.

ಸಿಆರ್‌ಎಸ್ ಲೆಕ್ಕ, ಒಂದು ಕಾಗದ ತಗೊಳ್ಳಿ

ಅದೇ ಹುಡುಗನನ್ನೇ ಇಟ್ಟುಕೊಳ್ಳೋಣ. ಮದುವೆ ಆಗಿಲ್ಲ. 20ರಿಂದ 29ರ ವರೆಗೆ ವಯಸ್ಸಿಗೆ ಪೂರ್ತಿ 110. ಡಿಗ್ರಿಗೆ 120. ಭಾಷೆಯ ನಾಲ್ಕೂ ಭಾಗಗಳಲ್ಲಿ ಸಿಎಲ್‌ಬಿ (ಭಾಷೆಯ ಮಟ್ಟಕ್ಕೆ ಕೆನಡಾದ ಅಳತೆಗೋಲು) 9 ಬಂದರೆ ಒಂದೊಂದಕ್ಕೆ 31, ಅಂದರೆ 124. ಇಲ್ಲಿಯ ತನಕ ಸರಳ.

ಬೆಂಗಳೂರಿನ ಅನುಭವಕ್ಕೆ ನೇರವಾಗಿ ಒಂದು ಪಾಯಿಂಟೂ ಇಲ್ಲ. ಅದು ಭಾಷೆಯ ಜೊತೆ ಸೇರಿದಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಾಲ್ಕರಲ್ಲೂ ಸಿಎಲ್‌ಬಿ 9 ಇದ್ದು ಮೂರು ವರ್ಷ ಅಥವಾ ಜಾಸ್ತಿ ಅನುಭವ ಇದ್ದರೆ 50, ಡಿಗ್ರಿ ಮತ್ತು ಸಿಎಲ್‌ಬಿ 9 ಸೇರಿದರೆ 25. ಒಟ್ಟು 429.

ಈಗ ಒಂದೇ ಒಂದು ಭಾಗ ಸಿಎಲ್‌ಬಿ 8ಕ್ಕೆ ಇಳಿಯಿತು ಅನ್ನಿ. ಆ ಭಾಗದಲ್ಲಿ 8 ಪಾಯಿಂಟ್ ಹೋಗುತ್ತದೆ, ಅದು ಪರವಾಗಿಲ್ಲ. ಆದರೆ ಅನುಭವದ 50 ಅರ್ಧಕ್ಕೆ ಬಂದು 25 ಆಗುತ್ತದೆ, ಓದಿನ 25 ಹೋಗಿ 13 ಆಗುತ್ತದೆ. 429 ಇದ್ದದ್ದು 384. ನನಗೆ ಮಾಸ್ಟರ್ಸ್ ಇದ್ದದ್ದರಿಂದ ಪೆಟ್ಟು ಇನ್ನೂ ಜಾಸ್ತಿ: ಎರಡು 50ಗಳೂ ಅರ್ಧವಾಗಿ 469 ಇದ್ದದ್ದು 411ಕ್ಕೆ ಬಿತ್ತು.

ಹಾಗಾಗಿ ಈ ನಾಲ್ಕು ಸಂಖ್ಯೆ ಬಾಯಿಪಾಠ ಮಾಡಿ. ಐಇಎಲ್‌ಟಿಎಸ್‌ನಲ್ಲಿ ಸಿಎಲ್‌ಬಿ 9 ಅಂದರೆ ಲಿಸನಿಂಗ್ 8, ರೀಡಿಂಗ್ 7, ರೈಟಿಂಗ್ 7, ಸ್ಪೀಕಿಂಗ್ 7. ಒಟ್ಟಾರೆ ಸರಾಸರಿ ಎಷ್ಟು ಬಂತು ಅನ್ನುವುದಕ್ಕೆ ಇಲ್ಲಿ ಬೆಲೆಯೇ ಇಲ್ಲ. ಬರೆಯಬೇಕಾದದ್ದು ಜನರಲ್ ಟ್ರೈನಿಂಗ್, ಅಕಾಡೆಮಿಕ್ ಅಲ್ಲ. ಅವಸರದಲ್ಲಿ ಅಕಾಡೆಮಿಕ್ ಬುಕ್ ಮಾಡಿ ಫೀಸು ಕಳೆದುಕೊಂಡವರು ನನಗೆ ಗೊತ್ತಿರುವವರಲ್ಲೇ ಇಬ್ಬರಿದ್ದಾರೆ. ಐಇಎಲ್‌ಟಿಎಸ್ ಬದಲು ಸೆಲ್ಪಿಪ್ ಪರೀಕ್ಷೆಯನ್ನೂ ಒಪ್ಪುತ್ತಾರೆ, 2024ರ ಜನವರಿ ಕೊನೆಯಿಂದ ಪಿಟಿಇ ಕೋರ್ ಕೂಡ ಒಪ್ಪುತ್ತಾರೆ. ಫಲಿತಾಂಶ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ, ಅರ್ಜಿ ಹಾಕುವ ದಿನವೂ ಅದರ ಅವಧಿ ಮುಗಿದಿರಬಾರದು.

ವಯಸ್ಸಿನ ಗಡಿಯಾರ ಅದರ ಪಾಡಿಗೆ ಅದು ಓಡುತ್ತಿರುತ್ತದೆ. 30ಕ್ಕೆ 105, 35ಕ್ಕೆ 77, 40ಕ್ಕೆ 50, 45ಕ್ಕೆ ಸೊನ್ನೆ. "ಮುಂದಿನ ವರ್ಷ ನೋಡೋಣ" ಅನ್ನುವವರಿಗೆ 30 ದಾಟಿದ ಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಐದಾರು ಪಾಯಿಂಟ್ ಖೋತಾ, 40 ಆದ ಮೇಲೆ ಹನ್ನೊಂದು.

ಮದುವೆಯಾಗಿದ್ದರೆ ಗಂಡನ ಹೆಸರಲ್ಲೇ ಹಾಕಬೇಕು ಅಂತೇನಿಲ್ಲ. ಇಬ್ಬರ ಲೆಕ್ಕವನ್ನೂ ಹಾಕಿ, ಯಾರದ್ದು ಜಾಸ್ತಿಯೋ ಅವರೇ ಮುಖ್ಯ ಅರ್ಜಿದಾರರಾಗಲಿ. ಇನ್ನೊಬ್ಬರ ಇಂಗ್ಲಿಷ್‌ಗೆ 20ರ ತನಕ, ಓದಿಗೆ 10ರ ತನಕ ಸಿಗುತ್ತದೆ, ಹಾಗಾಗಿ ಅವರೂ ಪರೀಕ್ಷೆ ಬರೆಯುವುದು ಲಾಭವೇ. ಮತ್ತೆ, ಹೆಂಡತಿ ಮಕ್ಕಳು ಈಗ ಜೊತೆಗೆ ಬರದಿದ್ದರೂ ಅವರ ಹೆಸರು ಅರ್ಜಿಯಲ್ಲಿ ಇರಲೇಬೇಕು. ಪಾಯಿಂಟ್ ಆಸೆಗೆ ಮುಚ್ಚಿಟ್ಟರೆ ಆಮೇಲೆ ಅವರನ್ನು ಕರೆಸಿಕೊಳ್ಳುವ ಬಾಗಿಲೇ ಮುಚ್ಚಿಹೋಗಬಹುದು.

ಈಗ ಕಹಿ ಮಾತು

2019ರಲ್ಲಿ 470ರ ಆಸುಪಾಸು ಇದ್ದರೆ ಪಿಆರ್‌ಗೆ ಅರ್ಜಿ ಹಾಕಿ ಅನ್ನುವ ಕರೆ ಬರುತ್ತಿತ್ತು. ಎರಡನೇ ಸಲ ಐಇಎಲ್‌ಟಿಎಸ್ ಬರೆದು 469 ಮಾಡಿಕೊಂಡ ನನಗೂ ಹಾಗೇ ಬಂತು. 2021ರ ಫೆಬ್ರವರಿ 13ರಂದು ಕೆನಡಿಯನ್ ಅನುಭವ ಇದ್ದವರಿಗೆ ಮಾಡಿದ ಒಂದು ಡ್ರಾದಲ್ಲಂತೂ ಕಟಾಫ್ 75, ಹೌದು ಎಪ್ಪತ್ತೈದೇ, ಆ ದಿನ 27,332 ಜನರಿಗೆ ಕರೆ ಹೋಯಿತು. ಆ ಕಾಲ ಮುಗಿಯಿತು. 2024ರ ಏಪ್ರಿಲ್ 23ರ ಸಾಮಾನ್ಯ ಡ್ರಾದ ಕಟಾಫ್ 529. 2025ರಲ್ಲಿ ಕೆನಡಿಯನ್ ಅನುಭವ ಇದ್ದವರ ಡ್ರಾಗಳೂ 500ರ ಮೇಲೆಯೇ ನಿಂತವು. ಸರ್ಕಾರವೇ ಒಟ್ಟು ಪಿಆರ್ ಗುರಿಯನ್ನು ಇಳಿಸಿದೆ: 2024ಕ್ಕೆ 4,85,000 ಇದ್ದದ್ದು 2025ಕ್ಕೆ 3,95,000, 2026ಕ್ಕೆ 3,80,000.

ಅಂದರೆ ಬೆಂಗಳೂರಿನಲ್ಲಿ ಕೂತಿರುವ 429ರ ಬಿ.ಇ ಹುಡುಗ, 469ರ ಎಂ.ಟೆಕ್ ಹುಡುಗಿ, ಇಬ್ಬರೂ ಬರೀ ಪ್ರೊಫೈಲ್ ಹಾಕಿ ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ. ಇದನ್ನು ನಿಮಗೆ ಯಾರೂ ಹೇಳುವುದಿಲ್ಲ, ಯಾಕೆಂದರೆ ಹೇಳಿದರೆ ನೀವು ಅಡ್ವಾನ್ಸ್ ಕಟ್ಟುವುದಿಲ್ಲ. ಇನ್ನೊಂದು ಬಾಗಿಲು ಬೇಕು. ನನಗೆ ಕಾಣುವ ಬಾಗಿಲುಗಳು ಇವು.

ಮೊದಲನೆಯದು ಫ್ರೆಂಚ್. ನಗಬೇಡಿ. ಫ್ರೆಂಚ್‌ನ ನಾಲ್ಕೂ ಭಾಗಗಳಲ್ಲಿ ಎನ್‌ಸಿಎಲ್‌ಸಿ 7, ಅಂದರೆ ಸುಮಾರು ಬಿ2 (ಮಧ್ಯಮಕ್ಕಿಂತ ಮೇಲಿನ) ಮಟ್ಟ ಮುಟ್ಟಿದರೆ 50 ಪಾಯಿಂಟ್ ಬೋನಸ್, ಎರಡನೇ ಭಾಷೆಯ ಲೆಕ್ಕದಲ್ಲಿ ಇನ್ನೂ 12. ಆ 429 ಆಗ 491 ಆಗುತ್ತದೆ. ಅದಕ್ಕಿಂತ ಮುಖ್ಯ, ಫ್ರೆಂಚ್ ಬಲ್ಲವರಿಗೇ ಬೇರೆ ಡ್ರಾ ಇದೆ. 2025ರ ಮಾರ್ಚ್ 21ರಂದು 7,500 ಜನರನ್ನು ಕರೆದಾಗ ಕಟಾಫ್ 379 ಇತ್ತು. ಕೆಲಸ ಮಾಡಿಕೊಂಡೇ ಶೂನ್ಯದಿಂದ ಬಿ2ಗೆ ಬರಲು ಒಂದರಿಂದ ಒಂದೂವರೆ ವರ್ಷ ಬೇಕು, ದಿನಾ ಎರಡು ಗಂಟೆ ಕೂತರೆ. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕಲಿಸುತ್ತಾರೆ, ಆನ್‌ಲೈನ್‌ನಲ್ಲೂ ಬೇಕಾದಷ್ಟಿದೆ. ಪರೀಕ್ಷೆ ಬರೆಯಬೇಕಾದದ್ದು ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ, ಮಾಮೂಲಿ ಡೆಲ್ಫ್ ಸರ್ಟಿಫಿಕೇಟ್ ನಡೆಯುವುದಿಲ್ಲ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ತಮಿಳು, ಆಫೀಸಿನಲ್ಲಿ ಇಂಗ್ಲಿಷು ಹಿಂದಿ ಮಾತಾಡುವ ನಮಗೆ ಇನ್ನೊಂದು ಭಾಷೆ ಅಂದರೆ ಅಷ್ಟು ಭಯ ಯಾಕೋ ನನಗಂತೂ ಅರ್ಥವಾಗಿಲ್ಲ. 30ರೊಳಗಿನ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ಎರಡನೆಯದು ಪ್ರಾಂತ್ಯದ ನಾಮಿನೇಷನ್. ಒಂಟಾರಿಯೋ, ಅಲ್ಬರ್ಟಾ, ಮ್ಯಾನಿಟೋಬಾ, ಸಸ್ಕಾಚೆವಾನ್, ನೋವಾ ಸ್ಕೋಶಿಯಾ, ಹೀಗೆ ಒಂದೊಂದು ಪ್ರಾಂತ್ಯವೂ ತನಗೆ ಬೇಕಾದವರನ್ನು ಆರಿಸಿಕೊಳ್ಳಬಹುದು. ಸಿಕ್ಕಿದರೆ ಒಂದೇ ಏಟಿಗೆ 600 ಪಾಯಿಂಟ್, ಆಮೇಲೆ ಕರೆ ಬಂದ ಹಾಗೇ. ಆದರೆ 2025ಕ್ಕೆ ಈ ಕೋಟಾವನ್ನು ಅರ್ಧ ಮಾಡಿ 55,000ಕ್ಕೆ ಇಳಿಸಿದ್ದರು, 2026ಕ್ಕೆ ಮತ್ತೆ 91,500ಕ್ಕೆ ಏರಿಸಿದ್ದಾರೆ. ಪ್ರಾಂತ್ಯಗಳಿಗೆ ತಮ್ಮ ಊರಲ್ಲೇ ಕೆಲಸ ಮಾಡುತ್ತಿರುವವರ ಮೇಲೆ ಒಲವು ಜಾಸ್ತಿ. ಒಂದು ಪ್ರಾಂತ್ಯ ಕರೆದರೆ ಅಲ್ಲಿ ನೆಲೆಸುವ ಮನಸ್ಸು ನಿಜವಾಗಿ ಇರಬೇಕು, ಸುಮ್ನೆ ಹೂಂ ಅಂದು ಬಂದಿಳಿದ ದಿನವೇ ಟೊರೊಂಟೊ ಬಸ್ಸು ಹತ್ತಿದರೆ ಮುಂದೆ ತೊಂದರೆ.

ಮೂರನೆಯದು ಕಸುಬಿನ ಡ್ರಾಗಳು, 2023ರಿಂದ ಶುರುವಾದವು. ನರ್ಸ್, ಫಿಸಿಯೋಥೆರಪಿಸ್ಟ್ ಥರದವರಿಗೆ ಆರೋಗ್ಯದ ಡ್ರಾ ಇದೆ, 2025ರಲ್ಲಿ ಅದು 470ರ ಆಸುಪಾಸಿಗೂ ಇಳಿದದ್ದುಂಟು. ಶಿಕ್ಷಕರಿಗೆ, ಟ್ರೇಡ್ಸ್‌ನವರಿಗೂ ಇದೆ. ಐಟಿಯವರು ಮಾತ್ರ ಗಮನಿಸಬೇಕು: 2025ರ ಫೆಬ್ರವರಿಯಲ್ಲಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಿಂದ ಸಾಫ್ಟ್‌ವೇರ್ ಎಂಜಿನಿಯರ್, ಡೆವಲಪರ್ ಕೆಲಸಗಳನ್ನು ತೆಗೆದುಹಾಕಿದರು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಜಿನಿಯರ್‌ಗಳು, ಸೈಬರ್ ಸೆಕ್ಯುರಿಟಿಯವರು ಉಳಿದರು. ಸಿವಿಲ್ ತಗೊಂಡದ್ದಕ್ಕೆ ಹತ್ತು ವರ್ಷ ನಮ್ಮ ಹತ್ತಿರ ಬೈಸಿಕೊಂಡ ಗೆಳೆಯ ಈಗ ದಿನಾ ಫೋನ್ ಮಾಡಿ ನಗುತ್ತಾನೆ. ಪಟ್ಟಿ ಮತ್ತೆ ಮತ್ತೆ ಬದಲಾಗುತ್ತದೆ, ಹಾಗಾಗಿ ಅರ್ಜಿಗೆ ಮುಂಚೆ ಸರ್ಕಾರದ ತಾಣದಲ್ಲೇ ನೋಡಿ.

ಇನ್ನೊಂದು. ಕೆಲಸದ ಆಫರ್‌ಗೆ ಮುಂಚೆ 50 ಅಥವಾ 200 ಪಾಯಿಂಟ್ ಇತ್ತು, 2025ರ ಮಾರ್ಚ್ 25ರಿಂದ ಅದನ್ನು ತೆಗೆದಿದ್ದಾರೆ. ಪಾಯಿಂಟ್‌ಗೋಸ್ಕರ ಆಫರ್ ಲೆಟರ್ ಕೊಡಿಸುತ್ತೇವೆ, ಇಷ್ಟು ಲಕ್ಷ ಅಂತ ಈಗಲೂ ಯಾರಾದರೂ ಹೇಳಿದರೆ ಅವರು ಮಾರುತ್ತಿರುವುದು ಖಾಲಿ ಡಬ್ಬ.

ಕಾಗದಪತ್ರ: ಎಲ್ಲಕ್ಕಿಂತ ಮೊದಲು ಹಳೇ ಕಾಲೇಜಿಗೆ ಹೋಗಿ

ಹೆಚ್ಚಿನವರು ಐಇಎಲ್‌ಟಿಎಸ್ ಮುಗಿಸಿ ಆಮೇಲೆ ಡಿಗ್ರಿ ಮೌಲ್ಯಮಾಪನಕ್ಕೆ ಕೈ ಹಾಕುತ್ತಾರೆ. ತಿರುಗಿಸಿ ಮಾಡಿ. ಪರೀಕ್ಷೆಯ ಫಲಿತಾಂಶ ಬೇಗ ಬರುತ್ತದೆ, ವಿಶ್ವವಿದ್ಯಾಲಯದ ಲಕೋಟೆ ಬರುವುದಿಲ್ಲ.

ಈ ಮೌಲ್ಯಮಾಪನಕ್ಕೆ ಇಸಿಎ ಅನ್ನುತ್ತಾರೆ, ಐದು ವರ್ಷ ನಡೆಯುತ್ತದೆ. ನಮ್ಮವರು ಹೆಚ್ಚಾಗಿ ಮಾಡಿಸುವುದು ವೆಸ್ ಅನ್ನುವ ಸಂಸ್ಥೆಯ ಹತ್ತಿರ. ಐಕ್ಯಾಸ್, ಐಸಿಎಎಸ್ ಅಂತ ಬೇರೆಯವೂ ಇವೆ. ಡಾಕ್ಟರ್‌ಗಳಿಗೆ, ಫಾರ್ಮಸಿಸ್ಟ್‌ಗಳಿಗೆ ಅವರದೇ ಬೇರೆ ಸಂಸ್ಥೆ. ವೆಸ್ ತಾಣದಲ್ಲಿ ಖಾತೆ ತೆರೆದು ಫೀಸು ಕಟ್ಟಿದ ಕೂಡಲೇ ಒಂದು ರೆಫರೆನ್ಸ್ ನಂಬರ್ ಸಿಗುತ್ತದೆ. ಆ ನಂಬರ್ ಇಟ್ಟುಕೊಂಡು ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಕ್ರಿಪ್ಟ್ ಅರ್ಜಿ ಹಾಕಬೇಕು. ಅಂಕಪಟ್ಟಿಯನ್ನು ವಿಶ್ವವಿದ್ಯಾಲಯವೇ ಕಳಿಸಬೇಕು, ನೀವು ಮನೆಯಿಂದ ಸ್ಕ್ಯಾನ್ ಮಾಡಿದ್ದು ನಡೆಯುವುದಿಲ್ಲ. ವಿಟಿಯು ಆದರೆ ಬೆಳಗಾವಿ, ಬೆಂಗಳೂರು ವಿಶ್ವವಿದ್ಯಾಲಯ ಆದರೆ ಜ್ಞಾನಭಾರತಿ. ಅಟಾನಮಸ್ ಕಾಲೇಜಿನವರು ಯಾರು ಕಳಿಸಬೇಕು ಅಂತ ಮೊದಲೇ ಕೇಳಿಕೊಳ್ಳಿ. ನನ್ನದು ಒಂದು ಸೆಮಿಸ್ಟರ್‌ನ ಮಾರ್ಕ್ಸ್ ಕಾರ್ಡ್ ಕಳೆದಿತ್ತು. ಡೂಪ್ಲಿಕೇಟ್ ತಗೊಳ್ಳಲು ಮೂರು ಸಲ ಓಡಾಡಿದೆ, ಮೂರನೇ ಸಲ ಹೋದಾಗ "ಚಲನ್ ಮೇಲೆ ರಿಜಿಸ್ಟರ್ ನಂಬರ್ ಬರೆದಿಲ್ಲ" ಅಂತ ವಾಪಸ್ ಕಳಿಸಿದರು.

ಹೆಸರಿನ ತಕರಾರು ನಮ್ಮ ಕಡೆಯವರಿಗೆ ಸ್ವಲ್ಪ ಜಾಸ್ತಿಯೇ. ಮಾರ್ಕ್ಸ್ ಕಾರ್ಡಿನಲ್ಲಿ ಮಂಜುನಾಥ ಹೆಚ್.ಬಿ., ಪಾಸ್‌ಪೋರ್ಟಿನಲ್ಲಿ ಹೆಚ್ ಅಂದರೆ ಹೊಳೆನರಸೀಪುರ, ಬಿ ಅಂದರೆ ಬಸವೇಗೌಡ ಅಂತ ಪೂರ್ತಿ ಬಿಡಿಸಿ, ಊರಿನ ಹೆಸರೇ ಸರ್‌ನೇಮ್ ಆಗಿ ಕೂತಿರುತ್ತದೆ. ಕೆನಡಾದ ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಯಿರಿ, ಎರಡೂ ಹೆಸರಿನ ವ್ಯಕ್ತಿ ಒಬ್ಬನೇ ಅಂತ ನೋಟರಿ ಅಫಿಡವಿಟ್ ಒಂದು ಮಾಡಿಸಿಡಿ.

ಆಮೇಲೆ ಎನ್‌ಒಸಿ. ನಮ್ಮಲ್ಲಿ ಪಂಚಾಯಿತಿ, ಬೆಸ್ಕಾಂ ಕೊಡುವ ಎನ್‌ಒಸಿ ಅಲ್ಲ ಇದು. ಕೆನಡಾ ಪ್ರತಿಯೊಂದು ಕೆಲಸಕ್ಕೂ ಕೊಟ್ಟಿರುವ ಐದಂಕಿ ನಂಬರ್. ಸಾಫ್ಟ್‌ವೇರ್ ಎಂಜಿನಿಯರ್ 21231, ಡೆವಲಪರ್ 21232, ರಿಜಿಸ್ಟರ್ಡ್ ನರ್ಸ್ 31301. ನಿಮ್ಮ ವಿಸಿಟಿಂಗ್ ಕಾರ್ಡಿನ ಹುದ್ದೆ ನೋಡಿ ಆರಿಸಬೇಡಿ, ದಿನಾ ಏನು ಕೆಲಸ ಮಾಡುತ್ತೀರಿ ಅನ್ನುವುದಕ್ಕೆ ಯಾವುದು ಹೊಂದುತ್ತದೋ ಅದನ್ನು ಆರಿಸಿ. ಕೆಲಸಗಳ ದರ್ಜೆಗೆ ಟೀರ್ ಅನ್ನುತ್ತಾರೆ, ಟೀರ್ 0ಯಿಂದ 3ರ ಒಳಗಿನ ಕೆಲಸವೇ ಆಗಿರಬೇಕು, ಕಳೆದ ಹತ್ತು ವರ್ಷದಲ್ಲಿ ಬಿಡುವಿಲ್ಲದೆ ಒಂದು ವರ್ಷವಾದರೂ ಮಾಡಿರಬೇಕು.

ಕೆಲಸದ ಪತ್ರದಲ್ಲೇ ಹೆಚ್ಚು ಜನ ಎಡವುವುದು. ನಮ್ಮ ಕಂಪನಿಗಳು ಕೊಡುವ ರಿಲೀವಿಂಗ್ ಲೆಟರ್‌ನಲ್ಲಿ ಹುದ್ದೆ, ತಾರೀಕು ಬಿಟ್ಟರೆ ಏನೂ ಇರುವುದಿಲ್ಲ. ಕೆನಡಾಕ್ಕೆ ಬೇಕಾದದ್ದು ಲೆಟರ್‌ಹೆಡ್ ಮೇಲೆ ನಿಮ್ಮ ಹುದ್ದೆ, ಏನೇನು ಕೆಲಸ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಯಾವಾಗಿಂದ ಯಾವಾಗಿನ ತನಕ, ಸಹಿ ಹಾಕಿದವರ ಹೆಸರು ಮತ್ತು ಫೋನ್. ಹೆಚ್‌ಆರ್‌ನವರು "ಪಾಲಿಸಿ ಇಲ್ಲ" ಅಂದರೆ ಜೊತೆಗೆ ಕೆಲಸ ಮಾಡಿದ ಮ್ಯಾನೇಜರ್ ಹತ್ತಿರ ಅಫಿಡವಿಟ್ ಮಾಡಿಸಿ, ಜೊತೆಗೆ ಅಪಾಯಿಂಟ್‌ಮೆಂಟ್ ಆರ್ಡರ್, ಪೇ ಸ್ಲಿಪ್, ಫಾರ್ಮ್ 16, ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ, ಪತ್ರ ಯಾಕೆ ಸಿಗಲಿಲ್ಲ ಅಂತ ಒಂದು ವಿವರಣೆಯನ್ನೂ ಬರೆಯಿರಿ. ಎನ್‌ಒಸಿ ತಾಣದ ಸಾಲುಗಳನ್ನು ಹಾಗ್ಹಾಗೇ ನಕಲು ಮಾಡಬೇಡಿ. ಅವರು ದಿನಾ ಅದನ್ನೇ ಓದುವವರು, ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ದುಡ್ಡು

ಫೆಡರಲ್ ಸ್ಕಿಲ್ಡ್ ವರ್ಕರ್ ದಾರಿಯಲ್ಲಿ ಬರುವವರು ಕೈಯಲ್ಲಿ ದುಡ್ಡಿದೆ ಅಂತ ತೋರಿಸಬೇಕು. 2025ರ ಜುಲೈನಲ್ಲಿ ನಿಗದಿಯಾದದ್ದು ಒಬ್ಬರಿಗೆ 15,263 ಡಾಲರ್, ಇಬ್ಬರಿಗೆ 19,001, ಮೂವರಿಗೆ 23,360, ನಾಲ್ವರಿಗೆ 28,362. ವರ್ಷಕ್ಕೊಮ್ಮೆ ಏರಿಸುತ್ತಾರೆ. ಬ್ಯಾಂಕ್ ಪತ್ರದಲ್ಲಿ ಖಾತೆ ತೆರೆದ ದಿನ, ಈಗಿನ ಬಾಕಿ, ಆರು ತಿಂಗಳ ಸರಾಸರಿ, ಸಾಲ ಇದ್ದರೆ ಅದು, ಎಲ್ಲ ಇರಬೇಕು. ಎಫ್‌ಡಿ ನಡೆಯುತ್ತದೆ. ಸೈಟು, ತೋಟ, ಲಾಕರ್‌ನ ಚಿನ್ನ ನಡೆಯುವುದಿಲ್ಲ, ಸಾಲ ತಂದಿಟ್ಟ ದುಡ್ಡೂ ನಡೆಯುವುದಿಲ್ಲ. ಅಪ್ಪ ಕೊಟ್ಟರೆ ಗಿಫ್ಟ್ ಡೀಡ್ ಮಾಡಿಸಿ, ಅವರ ಖಾತೆಗೆ ಅದು ಎಲ್ಲಿಂದ ಬಂತು ಅನ್ನುವುದಕ್ಕೂ ದಾಖಲೆ ಇರಲಿ.

2024ರ ಏಪ್ರಿಲ್ 30ರಂದು ನಿಗದಿಯಾದ ಫೀಸು ದೊಡ್ಡವರಿಗೆ ತಲಾ 1,525 ಡಾಲರ್, ಅಂದರೆ ಹೆಚ್ಚುಕಡಿಮೆ ಲಕ್ಷ ರೂಪಾಯಿ, ಮಗುವಿಗೆ 260 ಇತ್ತು. ಎರಡು ವರ್ಷಕ್ಕೊಮ್ಮೆ ಇದೂ ಏರುತ್ತದೆ. ಬಯೋಮೆಟ್ರಿಕ್ಸ್‌ಗೆ ಬೇರೆ 85.

ಕರೆ ಬಂದ ಮೇಲಿನ 60 ದಿನ

ಪ್ರೊಫೈಲ್ ಹಾಕುವುದು ಸುಲಭ, ದುಡ್ಡೂ ಬೇಡ, ಒಂದು ವರ್ಷ ಇರುತ್ತದೆ. ಕರೆ ಬಂತು ಅಂದರೆ 60 ದಿನದೊಳಗೆ ಪೂರ್ತಿ ಅರ್ಜಿ ಹೋಗಬೇಕು. ಆಗ ಹುಡುಕಾಡಲು ಕೂತರೆ ಕೆಟ್ಟಿರಿ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಿಗುತ್ತದೆ, ಆದರೆ ಹತ್ತು ವರ್ಷದಲ್ಲಿ ಆರು ತಿಂಗಳು ಅಥವಾ ಜಾಸ್ತಿ ಒಂದೇ ಸಮ ಇದ್ದ ಪ್ರತಿ ದೇಶದಿಂದಲೂ ಬೇಕು. ಆನ್‌ಸೈಟ್ ಅಂತ ಅಮೆರಿಕದಲ್ಲಿ ಎಂಟು ತಿಂಗಳು ಇದ್ದವರು ಎಫ್‌ಬಿಐ ಪತ್ರ ತರಿಸಬೇಕು. 2025ರ ಆಗಸ್ಟ್ 21ರಿಂದ ಮೆಡಿಕಲ್ ಅನ್ನೂ ಅರ್ಜಿಗೆ ಮುಂಚೆಯೇ ಮಾಡಿಸಬೇಕು, ಅದೂ ಅವರ ಪಟ್ಟಿಯಲ್ಲಿರುವ ಡಾಕ್ಟರ್ ಹತ್ತಿರವೇ. ಮದುವೆಯಾದವರಿಗೆ ಛತ್ರದ ರಸೀದಿ, ಲಗ್ನಪತ್ರಿಕೆ ಸಾಲದು, ಸಬ್ ರಿಜಿಸ್ಟ್ರಾರ್ ಸರ್ಟಿಫಿಕೇಟ್ ಬೇಕು. ಬರೀ ಕನ್ನಡದಲ್ಲಿರುವ ದಾಖಲೆಗೆ ಇಂಗ್ಲಿಷ್ ಅನುವಾದ ಮತ್ತು ಅನುವಾದಕರ ಅಫಿಡವಿಟ್ ಇರಲಿ.

ಯಾವುದರಲ್ಲೂ ಸುಳ್ಳು ಬೇಡ. ಸಿಕ್ಕಿಬಿದ್ದರೆ ಐದು ವರ್ಷ ಆ ಕಡೆ ತಲೆ ಹಾಕುವ ಹಾಗಿಲ್ಲ. ಏಜೆಂಟ್ ತುಂಬಿದ್ದು, ನನಗೆ ಗೊತ್ತಿಲ್ಲ ಅಂದರೆ ಕೇಳುವುದಿಲ್ಲ. ಸಹಾಯ ಬೇಕೇ ಬೇಕು ಅನಿಸಿದರೆ ಲೈಸೆನ್ಸ್ ಇರುವ ಕನ್ಸಲ್ಟೆಂಟ್ ಹೌದೋ ಅಲ್ಲವೋ ಅಂತ ಕೆನಡಾದ ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್ ತಾಣದಲ್ಲಿ ಹೆಸರು ಹಾಕಿ ನೋಡಿ. ಎರಡು ನಿಮಿಷದ ಕೆಲಸ. ನನ್ನ ಆ ಏಜೆಂಟ್ ಹೆಸರು ಅಲ್ಲಿರಲಿಲ್ಲ.

ಅರ್ಜಿ ಹೋದ ಮೇಲೆ ಸರ್ಕಾರ ಹೇಳುವ ಅವಧಿ ಆರು ತಿಂಗಳು. ಪಾಸ್‌ಪೋರ್ಟ್ ಕೇಳಿದರೆ ಅರ್ಧ ಯುದ್ಧ ಗೆದ್ದ ಹಾಗೆ. ಬಂದಿಳಿದ ಮೇಲೆ ಪಿಆರ್ ಕಾರ್ಡ್ ಕೆನಡಾದ ವಿಳಾಸಕ್ಕೆ ಅಂಚೆಯಲ್ಲಿ ಬರುತ್ತದೆ. ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿದ್ದರೆ ಪಿಆರ್ ಉಳಿಯುತ್ತದೆ, 1,095 ದಿನ ಇದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು.

ವಿಮಾನ ಹತ್ತುವ ಮುಂಚೆ ಸಾಮಾನಿನ ಪಟ್ಟಿ ಎರಡು ಬರೆದಿಟ್ಟುಕೊಳ್ಳಿ, ಜೊತೆಗೆ ತಂದದ್ದು ಒಂದು, ಆಮೇಲೆ ತರಿಸಿಕೊಳ್ಳುವುದು ಒಂದು, ಒಂದೊಂದಕ್ಕೂ ಎರಡು ಪ್ರತಿ. ಒಡವೆಯನ್ನೂ ಬರೆಯಿರಿ, ಫೋಟೋ, ಬೆಲೆ ಸಮೇತ, ಇಲ್ಲದಿದ್ದರೆ ಮುಂದಿನ ಸಲ ಊರಿಂದ ತಂದಾಗ ಸುಂಕದ ಮಾತು ಬರಬಹುದು. ನಾನು ಟೊರೊಂಟೊ ಪಿಯರ್ಸನ್‌ನಲ್ಲಿ ಇಳಿದ ದಿನ ನನ್ನ ಮುಂದೆ ಹಾಸನದ ಒಂದು ಜೋಡಿ ನಿಂತಿತ್ತು. ಆಯಮ್ಮ ಪಟ್ಟಿಯಲ್ಲಿ "ಅವಲಕ್ಕಿ ಸರ, 1" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದುಬಿಟ್ಟಿದ್ದರು. ಅಧಿಕಾರಿ ಎರಡು ಸಲ ಓದಿ ಏನಿದು ಅಂದ. ಗಂಡ ತಡವರಿಸುತ್ತಾ ಅವಲಕ್ಕಿ ಅಂದರೆ ಏನು ಅಂತ ವಿವರಿಸಲು ಶುರು ಮಾಡಿದ, ಆತ ಬ್ಯಾಗಿನಲ್ಲಿ ತಿಂಡಿ ಏನಾದರೂ ಇದೆಯಾ ಅಂತ ಕೇಳಿದ. ಕೊನೆಗೆ ಆಕೆಯೇ ಫೋಟೋ ತೆಗೆದು ಮುಂದಿಟ್ಟರು, ಠಪ್ ಅಂತ ಮುದ್ರೆ ಬಿತ್ತು.